ಕಾರವಾರದಲ್ಲಿ 1709ರಲ್ಲಿ ಮದುವೆಯಾದ ಇಂಗ್ಲಿಷ್ ಹುಡುಗಿ ಆಮೇಲೆ ಏನಾದಳು?

ಕೋಡಿಬಾಗ ಟೀಚರ್:

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ವಾರ ಇಂಗ್ಲಿಷರು ಬಂದ ಪಾಠ ಇತ್ತು. ನಮ್ಮೂರಲ್ಲೂ 1638ರಲ್ಲೇ ಅವರ ಫ್ಯಾಕ್ಟರಿ ಶುರುವಾಗಿತ್ತು ಎಂದೆ. ಮಕ್ಕಳಿಗೆ ಫ್ಯಾಕ್ಟರಿ ಅಂದರೆ ಚಿಮಣಿ, ಸೈರನ್. ಹಾಗಲ್ಲ, ಮಾಲು ಇಡುವ ಗೋದಾಮು, ಅಲ್ಲೇ ಅವರ ಊಟ, ಅಲ್ಲೇ ನಿದ್ದೆ, ಅಂಥ ಕೋಠಿ ಅದು ಎಂದು ವಿವರಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಟೀಚರ್, ಅವ್ರು ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬರ್ತಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, ಹಡಗಿನಿಂದ ಇಳಿದ 13 ವರ್ಷದ ಹುಡುಗಿಯನ್ನು ಇಲ್ಲಿನ ಮುದಿ ಸಾಹೇಬನಿಗೆ ಮದುವೆ ಮಾಡಿಕೊಟ್ಟು ಅಪ್ಪ ಅಮ್ಮ ಅದೇ ಹಡಗಿನಲ್ಲಿ ಮುಂದೆ ಹೋದರಂತೆ ಎಂದರು. ಇದು ನಿಜವೋ, ಸುಮ್ನೆ ಕಥೆಯೋ? ನಿಜವಾದರೆ ಆ ಹುಡುಗಿ ಯಾರು, ಆಮೇಲೆ ಏನಾದಳು? ಮಕ್ಕಳಿಗೆ ಹೇಳಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಬೈತಖೋಲ್ ಬೋಟು:

ನಿಜ ಟೀಚರ್. ನಿಮ್ಮ ಹಿರಿಯರು ಹೇಳಿದ್ದು ಶುರು ಅಷ್ಟೇ. ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಹುಡುಗಿಯ ಹೆಸರು ಕ್ಯಾಥರೀನ್ ಕುಕ್. ಅಪ್ಪ ಜೆರಾರ್ಡ್ ಕುಕ್, ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ತೋಪುಗಳ ಉಸ್ತುವಾರಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳ ಜೊತೆ 1709ರಲ್ಲಿ 'ಲಾಯಲ್ ಬ್ಲಿಸ್' ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಹೊರಟಿದ್ದ. ಹಡಗು ತಡವಾಯಿತು. ನಮ್ಮ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಳೆಗಾಲದ ಗಾಳಿ ತಿರುಗಿದ ಮೇಲೆ ಬಂಗಾಳದ ಕಡೆಗೆ ಹಾಯಿ ಕಟ್ಟಿ ಹೋಗುವುದು ಗಾಳಿಗೆ ಎದೆಯೊಡ್ಡಿದ ಹಾಗೆ. ಹಾಗಾಗಿ ಅಕ್ಟೋಬರಿನಲ್ಲಿ ಹಡಗು ಕಾರವಾರಕ್ಕೆ ಬಂದು ಲಂಗರು ಹಾಕಿತು.

ಇಲ್ಲಿನ ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ. ವಯಸ್ಸಾದವನು, ದೇಹವೂ ಸೊಟ್ಟಗಿತ್ತು ಎಂದು ಆ ಕಾಲದವರೇ ಬರೆದಿದ್ದಾರೆ. ಹುಡುಗಿ ತುಂಬಾ ಚೆಂದ ಇದ್ದಳು, ವಯಸ್ಸು 13 ಅಥವಾ 14 ಅಂತಲೂ ಅವರದ್ದೇ ಮಾತು. ಹಾರ್ವೆ ಎಲ್ಲರನ್ನೂ ಚೆನ್ನಾಗಿ ಉಪಚರಿಸಿದ, ದೊಡ್ಡ ಮೊತ್ತ ಅವಳ ಹೆಸರಿಗೆ ಬರೆದುಕೊಡುತ್ತೇನೆ ಎಂದ, ಹುಡುಗಿಯನ್ನು ಕೇಳಿದ. ಅಪ್ಪ ಅಮ್ಮ ಒಪ್ಪಿದರು. ಅವಳ ಒಪ್ಪಿಗೆ ಅಂದರೆ ಅಪ್ಪ ಅಮ್ಮ ಹೇಳಿದ್ದಕ್ಕೆ ತಲೆ ಆಡಿಸಿದ್ದು. ಹಡಗು ಹೊರಡುವ ಮೊದಲೇ ಮದುವೆ ಮುಗಿಯಿತು. ಆ ಹಡಗು ಬೈತಖೋಲ್ ಗುಡ್ಡ ದಾಟಿ ಮರೆಯಾಗುವುದನ್ನು ಅವಳು ದಂಡೆಯಲ್ಲಿ ನಿಂತು ನೋಡಿದ್ದಳೋ ಏನೋ.

1711ರಲ್ಲಿ ಹಾರ್ವೆ ಕೆಲಸ ಬಿಟ್ಟ. ಲೆಕ್ಕ ಒಪ್ಪಿಸಲು ಇಬ್ಬರೂ ಬೊಂಬಾಯಿಗೆ ಹೋಗಿ ಮತ್ತೆ ಕಾರವಾರಕ್ಕೆ ಬಂದರು, ಇಲ್ಲೇ ಅವನು ತೀರಿಕೊಂಡ. ಎರಡು ತಿಂಗಳಲ್ಲಿ ಅವಳು ಇಲ್ಲಿಯ ಕೋಠಿಗೇ ಬಂದಿದ್ದ ಥಾಮಸ್ ಚೌನ್ ಎಂಬ ಯುವಕನನ್ನು ಮದುವೆಯಾದಳು. ಹಾರ್ವೆಯ ಆಸ್ತಿಯಲ್ಲಿ ಅವಳ ಪಾಲು ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಬಿಡಿಸಿಕೊಳ್ಳಲು 1712ರ ನವೆಂಬರಿನಲ್ಲಿ ಇಬ್ಬರೂ ಬೊಂಬಾಯಿಗೆ ಹೊರಟರು. ದಾರಿಯಲ್ಲಿ ಕಾನ್ಹೋಜಿ ಆಂಗ್ರೆ ಎಂಬ ಕಡಲುಗಳ್ಳನ ಹಡಗುಗಳು ಮುತ್ತಿದವು. ತೋಪಿನ ಗುಂಡು ಚೌನ್‌ನ ತೋಳನ್ನೇ ಹಾರಿಸಿತು. ಅವಳ ಮಡಿಲಲ್ಲೇ ರಕ್ತ ಹರಿದು ಸತ್ತ. ಅವಳಾಗ ಬಸುರಿ. ವಯಸ್ಸು 16 ಅಥವಾ 17, ಎರಡು ಸಲ ವಿಧವೆ.

ಸೆರೆ ಸಿಕ್ಕವರನ್ನು ಅಲಿಬಾಗ್ ಎದುರಿನ ಕುಲಾಬಾ ಕೋಟೆಯಲ್ಲಿ ಇಟ್ಟಿದ್ದರು. 30,000 ರೂಪಾಯಿ ಕೊಟ್ಟ ಮೇಲೆ 1713ರ ಫೆಬ್ರವರಿಯಲ್ಲಿ ಬಿಟ್ಟರು. ಮೈಮೇಲೆ ಎಷ್ಟು ಕಡಿಮೆ ಬಟ್ಟೆ ಇತ್ತೆಂದರೆ ಕರೆತರಲು ಹೋದ ಲೆಫ್ಟಿನೆಂಟ್ ತನ್ನ ಬಟ್ಟೆಯನ್ನೇ ಅವಳಿಗೆ ಸುತ್ತಬೇಕಾಯಿತು. ಬೊಂಬಾಯಿಯಲ್ಲಿ ಗಂಡುಮಗು ಹುಟ್ಟಿತು. ಮುಂದಿನದ್ದು ನಾಳೆ ಬರೆಯುತ್ತೇನೆ, ಬೋಟಿನ ಕೆಲಸ ಇದೆ.

ಕಡವಾಡದವ:

ಚೆನ್ನಾಗಿದೆ. ಒಂದು ತಿದ್ದುಪಡಿ. ಈಗಿನ ಕಾರವಾರ ಪೇಟೆಯನ್ನು, ಬೀಚನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಕಥೆ ಓದಬೇಡಿ. ಈ ಪೇಟೆ ಬೆಳೆದದ್ದು 1862ರಲ್ಲಿ ಜಿಲ್ಲೆ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ. ಹಳೇ ಕಾರವಾರ ಇದ್ದದ್ದು ಕಡಲಿನಿಂದ ಒಳಗೆ, ಕಾಳಿ ನದಿಯ ದಂಡೆಯಲ್ಲಿ, ನಮ್ಮ ಕಡವಾಡದ ಕಡೆ. ಊರಿನ ಹೆಸರು ಬಂದದ್ದೂ ಕಡವಾಡದಿಂದಲೇ ಅನ್ನುತ್ತಾರೆ. ಇಳಿತದ ಹೊತ್ತಿಗೆ ಬಂದು ನೋಡಿ. ಹೆಂಗಸರು ಸೊಂಟದಷ್ಟು ನೀರಲ್ಲಿ ಕೂತು ಕೆಸರು ಕೆದಕಿ ಚಿಪ್ಪು ತೆಗೆಯುತ್ತಿರುತ್ತಾರೆ, ಬುಟ್ಟಿ ಪಕ್ಕದಲ್ಲಿ ತೇಲುತ್ತಿರುತ್ತದೆ. ಕಂಪನಿ ಕೋಠಿ ಅಂತ ಒಂದು ಬೋರ್ಡ್ ಕೂಡ ಕಾಣುವುದಿಲ್ಲ. ಠಾಗೋರ್ ಬಂದು ಹೋದದ್ದಕ್ಕೆ ಬೀಚಿಗೇ ಅವರ ಹೆಸರಿಟ್ಟಿದ್ದೇವೆ, ಇದಕ್ಕೆ ಒಂದು ಕಲ್ಲೂ ಇಲ್ಲ.

ಇನ್ನೊಂದು. ಆಂಗ್ರೆಯನ್ನು ಕಡಲುಗಳ್ಳ ಅನ್ನುವುದು ಇಂಗ್ಲಿಷರ ಮಾತು. ಅವನು ಮರಾಠರ ಸರಖೇಲ್, ಅಂದರೆ ನೌಕಾಪಡೆಯ ದಂಡನಾಯಕ. ಇಂಗ್ಲಿಷರು ಹಡಗುಗಳಿಗೆ ಪಾಸ್ ಕೊಟ್ಟು ಹಣ ವಸೂಲಿ ಮಾಡಿದರೆ ಅದು ವ್ಯಾಪಾರ, ಅವನು ಮಾಡಿದರೆ ಕಳ್ಳತನವಾ?

ಬೈತಖೋಲ್ ಬೋಟು:

ಆಯ್ತು ಮಾರಾಯ್ರೆ, ಸರಖೇಲ್ ಅಂತಲೇ ಓದಿಕೊಳ್ಳಿ. ಗುಂಡು ತಾಗಿದವನಿಗೆ ಅದರಿಂದ ವ್ಯತ್ಯಾಸ ಇಲ್ಲ.

ಉಳಿದದ್ದು. ಬೊಂಬಾಯಿಯಲ್ಲಿ ಅವಳು ವಿಲಿಯಂ ಗಿಫರ್ಡ್ ಎಂಬ ಕಂಪನಿ ನೌಕರನನ್ನು ಮದುವೆಯಾದಳು. ಮೂರನೇ ಗಂಡ. ಅವನಿಗೆ ಕೇರಳದ ಅಂಜೆಂಗೊ ಕೋಠಿಯ ಮುಖ್ಯಸ್ಥನ ಹುದ್ದೆ ಸಿಕ್ಕಿತು. ಕಾರವಾರದ ಹಾಗೆ ಅಲ್ಲೂ ಮೆಣಸು, ಕಂಪನಿ ಕೆಲಸದ ಜೊತೆ ಸ್ವಂತ ವ್ಯಾಪಾರ. ಮೆಣಸಿನ ವ್ಯವಹಾರದಲ್ಲಿ ಊರವರಿಗೆ ಮೋಸ ಮಾಡಿ, ಮೇಲಿಂದ ದರ್ಪ ತೋರಿಸಿ ಎಲ್ಲರ ಸಿಟ್ಟು ಕಟ್ಟಿಕೊಂಡ. 1721ರ ಏಪ್ರಿಲ್‌ನಲ್ಲಿ ಆಟ್ಟಿಂಗಲ್ ರಾಣಿಗೆ ಕಾಣಿಕೆ ಒಪ್ಪಿಸಲು ಸುಮಾರು 140 ಜನರನ್ನು ಕಟ್ಟಿಕೊಂಡು ಮೆರವಣಿಗೆ ಹೋದ, ಅಲ್ಲಿ ಊರವರು ಮುಗಿಬಿದ್ದು ಅವರನ್ನು ಕೊಂದರು. ಕೋಟೆಗೂ ಮುತ್ತಿಗೆ ಬಿತ್ತು. ಅವಳು ಇನ್ನಿಬ್ಬರು ಹೆಂಗಸರ ಜೊತೆ ನಾಡದೋಣಿ ಹತ್ತಿ ಮದ್ರಾಸಿಗೆ ತಪ್ಪಿಸಿಕೊಂಡಳು. ಅವಸರದಲ್ಲಿ ಹಣದ ಜೊತೆ ಏನು ತಗೊಂಡು ಹೋದಳು ಗೊತ್ತಾ? ಗಂಡನ ಲೆಕ್ಕದ ಪುಸ್ತಕ!

ಕೋಡಿಬಾಗ ಟೀಚರ್:

ಓದಿ ಸುಸ್ತಾದೆ. ಲೆಕ್ಕದ ಪುಸ್ತಕ ಯಾಕೆ? ಜೀವ ಉಳಿದರೆ ಸಾಕಪ್ಪಾ ಅನ್ನುವ ಹೊತ್ತು ಅಲ್ವಾ ಅದು?

ಸೋದೆ ಮೆಣಸು:

ಟೀಚರ್, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಮೆಣಸು. ಆಗ ಕಾರವಾರಕ್ಕೆ ಇಳಿಯುತ್ತಿದ್ದ ಮೆಣಸು ನಮ್ಮ ಘಟ್ಟದ್ದೇ, ಸೋದೆ ಅರಸರ ಸೀಮೆಯದ್ದು. ಬಟ್ಟೆ ಹುಬ್ಬಳ್ಳಿ ಕಡೆಯಿಂದ.

ಮೆಣಸಿನ ಕೆಲಸ ಹೇಗೆ ಅಂದರೆ, ಗೊಂಚಲು ಕೊಯ್ದು, ಚಾಪೆ ಮೇಲೆ ತುಳಿದು ಕಾಳು ಬಿಡಿಸಿ, ಅಂಗಳದಲ್ಲಿ ನಾಲ್ಕೈದು ಬಿಸಿಲು ಕಾಣಿಸಬೇಕು. ತುಳಿಯುವವರ ಅಂಗಾಲು ಸಂಜೆಗೆ ಉರಿಯುತ್ತದೆ. ಮೂರು ಕಿಲೋ ಹಸಿಗೆ ಒಂದು ಕಿಲೋ ಒಣ ಕಾಳು ಸಿಕ್ಕರೆ ಪುಣ್ಯ. ಬೆಳೆ ಬರುವ ಮೊದಲೇ ವ್ಯಾಪಾರಿ ಮುಂಗಡ ಕೊಟ್ಟಿರುತ್ತಾನೆ. ಹೀಗಾಗಿ ಯಾವುದೇ ದಿನ ನೋಡಿ, ಅವನ ಅರ್ಧ ಹಣ ಬೇರೆಯವರ ಕೈಯಲ್ಲಿ. ಆ ದಿನ ಅವನು ಸತ್ತರೆ?

ನಮ್ಮ ಅಜ್ಜ ತೀರಿಕೊಂಡಾಗ ಇದೇ ಆಯಿತು. ಪೇಟೆಯ ಒಬ್ಬ ವ್ಯಾಪಾರಿಯಿಂದ ಎರಡು ವರ್ಷದ ಮೆಣಸಿನ ದುಡ್ಡು ಬರಬೇಕಿತ್ತು. ಅಜ್ಜಿ ಕೇಳಿದರೆ "ನಿಮ್ಮವರು ಆಗಲೇ ತಗೊಂಡಿದ್ದಾರಲ್ಲ" ಎಂದ. ಅಜ್ಜಿ ಏನೂ ಮಾತಾಡದೆ ಮನೆಗೆ ಬಂದು, ಅಕ್ಕಿ ಡಬ್ಬದ ಅಡಿಯಿಂದ ಕೆಂಪು ಬಟ್ಟೆ ಸುತ್ತಿದ ಕಿರ್ದಿ ಪುಸ್ತಕ ತೆಗೆದು, ಮತ್ತೆ ಬಸ್ಸು ಹತ್ತಿ ಹೋದರು. ಪೂರ್ತಿ ಬರಲಿಲ್ಲ, ಮುಕ್ಕಾಲು ಬಂತು. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಯಾವ ಪುಟ ಅಂತ ಗೊತ್ತಿತ್ತು.

ಕಂಪನಿಯಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿನ ರೈಟರ್ ಅಂದರೆ ಗುಮಾಸ್ತನ ಸಂಬಳ ವರ್ಷಕ್ಕೆ 5 ಪೌಂಡ್. ಅದಕ್ಕಾಗಿ ಯಾರೂ ಸಮುದ್ರ ದಾಟಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಸ್ವಂತ ವ್ಯಾಪಾರಕ್ಕೆ, ಕಂಪನಿಯೂ ಬಿಡುತ್ತಿತ್ತು. ಹಾರ್ವೆಯಂಥವರು ವರ್ಷಗಟ್ಟಲೆ ಕಂಪನಿ ದುಡ್ಡು, ತಮ್ಮ ದುಡ್ಡು ಒಂದೇ ಪೆಟ್ಟಿಗೆಯಲ್ಲಿ ಇಟ್ಟು ಆಡಿಸಿದರು. ಸತ್ತ ಮೇಲೆ ಕಂಪನಿ ಪೆಟ್ಟಿಗೆಗೇ ಬೀಗ ಹಾಕಿತು. ಅದೇ ಬೀಗ ತೆಗೆಸಲು ಹೊರಟು ಚೌನ್ ಸತ್ತ. ಮದುವೆಯಾದ ಹೆಂಗಸಿನ ಹಣ ಗಂಡನದ್ದು ಅನ್ನುವುದು ಆಗ ಇಂಗ್ಲಿಷರ ಕಾನೂನು, ಹಾಗಾಗಿ ಕೇಳಲು ಅವನೂ ಹೋಗಲೇಬೇಕಿತ್ತು. ಕಾರವಾರದ ಆ ಲೆಕ್ಕ ಚುಕ್ತಾ ಆಗಿದ್ದರೆ ಅವರು ಆ ಹಡಗು ಹತ್ತುತ್ತಿರಲಿಲ್ಲ. ಒಂದು ಸಲ ಸುಟ್ಟುಕೊಂಡವಳು ಎರಡನೇ ಸಲ ಪುಸ್ತಕ ಬಿಟ್ಟು ಓಡುತ್ತಾಳಾ?

ಬೈತಖೋಲ್ ಬೋಟು:

ಇದು ನನಗೆ ಹೊಳೆದೇ ಇರಲಿಲ್ಲ. ಕಂಪನಿಯೂ ಬಿಡಲಿಲ್ಲ. ಅವಳು ಕಲ್ಕತ್ತೆಗೆ ಅಪ್ಪ ಅಮ್ಮನ ಹತ್ತಿರ ಹೋದರೂ ಗಿಫರ್ಡನ ಬಾಕಿ ಕೊಡು, ಪುಸ್ತಕ ಕೊಡು ಎಂದು ಬೆನ್ನು ಹತ್ತಿತು. ಆಗ ಅವಳಿಗೆ ಆಸರೆಯಾದವನು ಬ್ರಿಟಿಷ್ ನೌಕಾಪಡೆಯ ಕೊಮೊಡೋರ್ ಥಾಮಸ್ ಮ್ಯಾಥ್ಯೂಸ್. ಅವನಿಗೂ ಕಂಪನಿಗೂ ಎಣ್ಣೆ ಸೀಗೆಕಾಯಿ. ಅವನ ಹಡಗಿನಲ್ಲೇ ಬೊಂಬಾಯಿಗೆ, ಅಲ್ಲಿಂದ ಇಂಗ್ಲೆಂಡಿಗೆ. 1723ರಲ್ಲಿ ತಲುಪಿದಳು. ಅಲ್ಲೂ ಕಂಪನಿ ದಾವೆ ಹಾಕಿತು, ಅವಳೂ ತಿರುಗಿ ಹಾಕಿದಳು.

ಭಟ್ಕಳ ಬಸ್ಸು:

ತಡವಾಗಿ ಬಂದೆ. ಟೀಚರ್, ಮಕ್ಕಳಿಗೆ ತೋರಿಸಲು ಏನಾದರೂ ಬೇಕಿದ್ದರೆ ನಮ್ಮ ಭಟ್ಕಳಕ್ಕೆ ಬನ್ನಿ. ಕಾರವಾರಕ್ಕೂ ಮೊದಲು ಇಂಗ್ಲಿಷರು ಇಲ್ಲಿ ಬೇರೂರಲು ನೋಡಿದ್ದರು. ಅವರು ಈಸ್ಟ್ ಇಂಡಿಯಾ ಕಂಪನಿಯವರಲ್ಲ, ಅದರ ಎದುರಾಳಿ ಕೋರ್ಟೀನ್ ಗುಂಪಿನವರು. ಕಾರವಾರದ ಕೋಠಿ ಶುರು ಮಾಡಿದ್ದೂ ಅವರೇ. ಭಟ್ಕಳದ ಹಳೇ ಗೋರಿಗಳ ಬರಹ ಗೆಜೆಟಿಯರ್‌ನಲ್ಲಿದೆ. ವರ್ತಕ ಜಾರ್ಜ್ ವೈ ಸತ್ತದ್ದು 31 ಮಾರ್ಚ್ 1637, ಇನ್ನೊಬ್ಬ ವರ್ತಕ ಆಂಟನಿ ವರ್ನ್‌ವರ್ದಿ ಮರುದಿನ, ಏಪ್ರಿಲ್ 1. ಮೂರನೆಯವನು ವಿಲಿಯಂ ಬಾರ್ಟನ್, 1638ರ ನವೆಂಬರ್ 30. ಅವನು ವೈದ್ಯ.

ಇಂಗ್ಲಿಷರ ನಾಯಿ ದೇವಸ್ಥಾನದ ಹಸು ಕೊಂದದ್ದಕ್ಕೆ ಊರವರು 18 ಜನರನ್ನು ಕೊಂದರು, ಆ ಗೋರಿ ಅವರದ್ದೇ ಅಂತ ಇಲ್ಲಿ ಒಂದು ಕಥೆ ಓಡುತ್ತದೆ, ನಂಬಬೇಡಿ. ಆ ಕಥೆ 1670ರದ್ದು, ಗೋರಿಗಳು ಅದಕ್ಕೂ 30 ವರ್ಷ ಹಳೆಯವು. ಕಾರವಾರದಲ್ಲಿ ಮಾತ್ರ 1684ರಲ್ಲಿ ಒಂದು ಹಡಗಿನವರು ಹಸು ಕದ್ದು ಕೊಂದು ಎಲ್ಲರನ್ನೂ ಊರು ಬಿಡಿಸುವ ಹಂತಕ್ಕೆ ತಂದಿದ್ದರು.

ಕೋಡಿಬಾಗ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ಹೇಳಿದೆ. ಗಂಡುಮಕ್ಕಳಿಗೆ ಆಂಗ್ರೆ ಹಡಗಿನದ್ದೇ ಗಲಾಟೆ. ಆ ಹಿಂದಿನ ಬೆಂಚಿನ ಹುಡುಗಿ ಮಾತ್ರ ಬೆಲ್ ಆದ ಮೇಲೆ ಬಂದು, "ಅವಳ ತಂಗಿಗೂ ದಾರಿಯಲ್ಲೇ ಮದುವೆ ಮಾಡಿದ್ರಾ ಟೀಚರ್?" ಎಂದು ಕೇಳಿದಳು. ಅವಳಿಗೂ ಈಗ 14.