ವಿಕಿ ಲವ್ಸ್ ಮಾನ್ಯುಮೆಂಟ್ಸ್: ಅಂತರರಾಷ್ಟ್ರೀಯ ತಂಡವನ್ನು ನಡೆಸುವುದು ಹೇಗೆ?

ಪ್ರಶ್ನೆ: ಸ್ಮಾರಕಗಳ ಚಿತ್ರ ತೆಗೆದು ವಿಕಿಗೆ ಸೇರಿಸುವ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಛಾಯಾಚಿತ್ರ ಸ್ಪರ್ಧೆಯನ್ನು ನಮ್ಮ ದೇಶದಲ್ಲಿ ನೋಡಿಕೊಂಡಿದ್ದೆ. ಈಗ ಅಂತರರಾಷ್ಟ್ರೀಯ ತಂಡದ ಹೊಣೆ ಹೊರುವಿರಾ ಎಂದು ಕೇಳಿದ್ದಾರೆ. ಎಲ್ಲರೂ ಸ್ವಯಂಸೇವಕರು, ಯಾರಿಗೂ ಅಪ್ಪಣೆ ಕೊಡುವಂತಿಲ್ಲ. ಕೆಲಸ ಸಾಗುತ್ತಾ?

ಉತ್ತರ: ಖಂಡಿತ ಸಾಗುತ್ತೆ ಸರ್. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಈ ಸ್ಪರ್ಧೆ ಮರುವರ್ಷವೇ ಯುರೋಪಿನ ಹಲವು ದೇಶಗಳಿಗೆ ಹಬ್ಬಿತು. ಆಯಾ ದೇಶದ ತಂಡ ತನ್ನ ಸ್ಪರ್ಧೆಯನ್ನು ತಾನೇ ನಡೆಸುತ್ತೆ, ಅದೇ ಇದರ ಬಲ. ನೀವು ಸ್ಮಾರಕಗಳ ಪಟ್ಟಿಯ ಬೆನ್ನು ಹತ್ತಿ. ಒಂದೊಂದು ಸ್ಮಾರಕಕ್ಕೂ ಗುರುತಿನ ಸಂಖ್ಯೆ ಬೇಕು. ಅದಿಲ್ಲದಿದ್ದರೆ ಎಷ್ಟೇ ಚೆಂದದ ಚಿತ್ರವಾದರೂ ಯಾವ ಕಟ್ಟಡದ್ದೆಂದು ತಿಳಿಯದೆ ಕಾಮನ್ಸ್‌ನಲ್ಲಿ (ವಿಕಿಪೀಡಿಯಾದ ಚಿತ್ರಗಳನ್ನು ಇಡುವ ಮುಕ್ತ ಸಂಗ್ರಹ) ಅನಾಥವಾಗಿ ಬಿದ್ದಿರುತ್ತೆ. ನನಗಂತೂ ಅದನ್ನು ನೋಡಿದರೆ ಸಂಕಟವಾಗುತ್ತೆ.

ಮತ್ತೊಬ್ಬರು: ಕಾನೂನನ್ನೂ ನೋಡಿಕೊಳ್ಳಿ. ಇಟಲಿಯಲ್ಲಿ ಸ್ಮಾರಕಗಳ ಚಿತ್ರ ಬಳಸಲು ಅನುಮತಿ ಬೇಕಾಗುವುದರಿಂದ ಅಲ್ಲಿನ ತಂಡ ಸ್ಥಳೀಯ ಆಡಳಿತಗಳಿಂದ ಮೊದಲೇ ಒಪ್ಪಿಗೆ ಪಡೆಯುತ್ತೆ. ಒಂದು ದೇಶದ ನಿಯಮವನ್ನು ಇನ್ನೊಂದರ ಮೇಲೆ ಹೇರಬೇಡಿ.

ಪ್ರಶ್ನೆ ಕೇಳಿದವರು: ಅಂತರರಾಷ್ಟ್ರೀಯ ತೀರ್ಪುಗಾರರಿಗೆ ಎಲ್ಲ ದೇಶಗಳ ಅಷ್ಟೊಂದು ಚಿತ್ರ ನೋಡಲು ಆಗುತ್ತಾ?

ಉತ್ತರ: ಅಷ್ಟೆಲ್ಲ ಅವರ ಮುಂದೆ ಬರುವುದೇ ಇಲ್ಲ. ಪ್ರತಿ ದೇಶ ತನ್ನಲ್ಲಿ ಗೆದ್ದ ಚಿತ್ರಗಳಲ್ಲಿ ಹೆಚ್ಚೆಂದರೆ 10 ಕಳಿಸುತ್ತೆ. ಆದರೆ ಫಲಿತಾಂಶ ತಡವಾದರೆ ಕಾದವರ ಉತ್ಸಾಹ ಬತ್ತುತ್ತೆ, ಹಾಗಾಗಿ ದಿನಾಂಕ ಮೊದಲೇ ಹೇಳಿಬಿಡಿ.