ಮಣ್ಣಿನ ಮನೆಗೆ ಪ್ಲ್ಯಾನ್ ಪಾಸ್ ಮಾಡಿಸಿದವರು ಯಾರಾದರೂ ಇದ್ದೀರಾ?

ನಾವಿಬ್ಬರೇ ನಿಂತು ಮಣ್ಣಿನ ಮನೆ ಕಟ್ಟಬೇಕು ಅಂತಿದ್ದೇವೆ. ನಿಯಮಗಳಲ್ಲಿ ನೋಡಿದರೆ ಬರೀ ಸುಟ್ಟ ಇಟ್ಟಿಗೆ, ಕಾಂಕ್ರೀಟು. ಅನುಮತಿ ಸಿಗುತ್ತಾ, ಇಲ್ಲಾ ಸುಮ್ನೆ ಕಟ್ಟಿಬಿಡೋದಾ? ಅನುಭವ ಇದ್ದವರು ಹೇಳಿ.

ಮೊದಲ ಉತ್ತರ

ದಯವಿಟ್ಟು ಸುಮ್ನೆ ಕಟ್ಟಬೇಡಿ. ನಾಳೆ ಸಾಲ, ವಿಮೆ, ಮಾರಾಟ ಎಲ್ಲಕ್ಕೂ ಆ ಕಾಗದ ಬೇಕಾಗುತ್ತೆ. ನನ್ನ ನಕ್ಷೆ ಒಮ್ಮೆ ವಾಪಸ್ ಬಂದಿತ್ತು. ಎಂಜಿನಿಯರ್ ಕೇಳಿದ್ದು ಎರಡೇ: ಗೋಡೆಗೆ ನೀರು ತಾಗಿದರೆ ಏನು ಗತಿ, ನೆಲ ನಡುಗಿದರೆ ಏನು ಗತಿ? ಕೇಳಬೇಕಾದ ಮಾತೇ ಅಲ್ವಾ?

ಮಣ್ಣಿಗೂ ಬರೆದಿಟ್ಟ ಮಾನದಂಡಗಳಿವೆ. ಮಣ್ಣಿನ ಕಟ್ಟಡ ಭೂಕಂಪ ತಾಳುವಂತೆ ಕಟ್ಟೋದು ಹೇಗೆ ಅಂತ ಹೇಳುವ ಭಾರತದ ಮಾನದಂಡ ಐಎಸ್ 13827 ಬಂದಿದ್ದು 1993ರಲ್ಲಿ, ನ್ಯೂಜಿಲೆಂಡಿನವು 1998ರಲ್ಲಿ. ಅಮೆರಿಕದ ಮಾದರಿ ವಸತಿ ಸಂಹಿತೆಗೆ 2015ರಲ್ಲಿ ಹುಲ್ಲಿನ ಪಿಂಡಿಯ ಗೋಡೆ, 2021ರಲ್ಲಿ ಮುದ್ದೆ ಮಣ್ಣಿನ ಗೋಡೆ ಅನುಬಂಧವಾಗಿ ಸೇರಿದವು. ಅನುಬಂಧವನ್ನು ಸ್ಥಳೀಯ ಆಡಳಿತ ಒಪ್ಪಿಕೊಂಡಿದ್ದರೆ ಮಾತ್ರ ಅದು ಲಾಗೂ. ಒಪ್ಪದಿದ್ದರೂ, ‘ಪರ್ಯಾಯ ಸಾಮಗ್ರಿ’ ಅನ್ನೋ ಕಲಮು ನಿಮ್ಮ ನಿಯಮದಲ್ಲಿದೆಯಾ ಹುಡುಕಿ. ನನಗೆ ಬಾಗಿಲು ತೆರೆದದ್ದು ಅದೇ.

ನಾನು ಐಎಸ್ 13827 ಹಿಡಿದು ನಕ್ಷೆ ತಿದ್ದಿಸಿದೆ. ಗೋಡೆಯ ಎತ್ತರ ದಪ್ಪದ ಎಂಟು ಪಟ್ಟು ಮೀರಬಾರದು. ಬಾಗಿಲು ಕಿಟಕಿ 1.2 ಮೀಟರಿಗಿಂತ ಅಗಲ ಬೇಡ. ಮಣ್ಣಿನ ಪರೀಕ್ಷೆ ಅಂತೂ ಮಕ್ಕಳೂ ಮಾಡಬಹುದು: 2 ಸೆಂಟಿಮೀಟರಿನ ಐದಾರು ಉಂಡೆ ಕಟ್ಟಿ, 48 ಗಂಟೆ ಒಣಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ನನ್ನ ಮೊದಲ ಗುಂಡಿಯ ಮಣ್ಣು ಪುಡಿ ಪುಡಿಯಾಯ್ತು, ಜೇಡಿ ಸಾಲದು. ಇನ್ನಷ್ಟು ಆಳದಿಂದ ತೆಗೆದದ್ದು ಎಷ್ಟು ಒತ್ತಿದರೂ ಜಗ್ಗಲಿಲ್ಲ. ಆ ಉಂಡೆಗಳನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಕಚೇರಿಗೆ ಹೋದೆ. ಅವರೂ ಒತ್ತಿ ನೋಡಿದರು. ಅಲ್ಲಿಂದ ಮಾತಿನ ಧಾಟಿಯೇ ಬದಲಾಯ್ತು.

ಮಣ್ಣಿನ ಮನೆ ಕಟ್ಟಿ ಗೊತ್ತಿರುವ ಎಂಜಿನಿಯರ್ ಸಹಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು ಉತ್ತರ

ನಮ್ಮದು ಮರದ ಕಂಬ, ತೊಲೆಯ ಮನೆ. ಚಾವಣಿಯ ಭಾರ ಪೂರ್ತಿ ಮರದ ಮೇಲೆ, ಮಣ್ಣು ನಡುವೆ ತುಂಬಿದ್ದಷ್ಟೇ. ಲೆಕ್ಕ ತೋರಿಸೋದು ಸುಲಭವಾಯ್ತು, ಬೇಗ ಪಾಸಾಯ್ತು.

ಆದರೆ ಗೋಡೆ ಬುಡಕ್ಕೆ ಸಿಮೆಂಟ್ ಗಾರೆ ಬಳಿದು ತಪ್ಪು ಮಾಡಿದೆವು. ಒಳಗೆ ಸೇರಿದ ತೇವ ಹೊರಗೆ ಬರಲಿಲ್ಲ. ಎರಡನೇ ಮಳೆಗಾಲಕ್ಕೆ ಗಾರೆ ಹಪ್ಪಳದ ಹಾಗೆ ಎದ್ದು ಬಂತು, ಹಿಂದಿನ ಮಣ್ಣು ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಎಲ್ಲಾ ಕಿತ್ತು ಸುಣ್ಣದ ಗಾರೆ ಮಾಡಿಸಿದೆವು. ನೀವು ಕಲ್ಲಿನ ಪಾಯವನ್ನು ನೆಲದಿಂದ ಮೇಲಕ್ಕೆತ್ತಿ, ಸೂರು ಉದ್ದ ಬಿಡಿ. ನಕ್ಷೆಯಲ್ಲೇ ಇವೆರಡನ್ನೂ ಎದ್ದು ಕಾಣೋ ಹಾಗೆ ಬರೆಸಿ.