ಬಯಲಾಟದ ಫೋಟೊಗಳು ಮಸುಕಾಗುತ್ತಿವೆ: ಹೊಸ ಕ್ಯಾಮೆರಾದ ದೋಷವೋ, ಬಳಕೆಯ ದೋಷವೋ?

ಕುಂಬಳೆ ಮಾಷ್ಟ್ರು (ಪ್ರಶ್ನೆ)

ಮಾನ್ಯರೇ, ಇಷ್ಟು ಕಾಲ ಮೊಬೈಲಿನಲ್ಲಿಯೇ ಫೋಟೊ ತೆಗೆಯುತ್ತಿದ್ದ ನಾನು ಯಕ್ಷಗಾನ ಮೇಳಗಳ ಈ ಸಲದ ತಿರುಗಾಟ ಆರಂಭವಾಗುವ ಹೊತ್ತಿಗೆ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು, ಅದರೊಂದಿಗೇ ಬರುವ 18–55 ಮಿ.ಮೀ. ಲೆನ್ಸಿನ ಸಹಿತ ಕೊಂಡುಕೊಂಡೆ. ಹಗಲು ಹೊತ್ತು ಬೇಕಲ ಕೋಟೆಯಲ್ಲಿಯೂ ಅನಂತಪುರದ ಕೆರೆಯ ಬಳಿಯೂ ತೆಗೆದ ಚಿತ್ರಗಳು ಚೆನ್ನಾಗಿಯೇ ಬಂದಿವೆ. ಆದರೆ ರಾತ್ರಿಯ ಬಯಲಾಟದಲ್ಲಿ ವೇಷಗಳ ಮುಖವೆಲ್ಲ ಬಿಳಿಚಿಕೊಂಡು ಮುಖವರ್ಣಿಕೆಯ ಗೆರೆಗಳೇ ಕಾಣಿಸುವುದಿಲ್ಲ; ಪುಂಡುವೇಷ (ಚುರುಕಾಗಿ ಕುಣಿಯುವ ತರುಣ ಪಾತ್ರ) ದಿಗಿಣ (ಗಿರ್ರನೆ ತಿರುಗುತ್ತ ಹಾರುವ ಕುಣಿತ) ಹಾರುವಾಗಿನ ಚಿತ್ರಗಳಲ್ಲಿ ಬಣ್ಣದ ಗೀಟುಗಳ ಹೊರತು ಬೇರೇನೂ ಉಳಿಯುವುದಿಲ್ಲ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದೆ, ಅದನ್ನು ಚಾಲೂ ಇಟ್ಟಿದ್ದೇನೆ. ಕ್ಯಾಮೆರಾ ಆಟೊದಲ್ಲಿದೆ, ಫ್ಲಾಶ್ ಮಾತ್ರ ಬಂದ್ ಮಾಡಿದ್ದೇನೆ. ಅಂಗಡಿಯವರು ಫ್ಲಾಶ್ ಹಾಕಿ ಎನ್ನುತ್ತಾರೆ, ಸ್ನೇಹಿತರು ದುಬಾರಿ ಲೆನ್ಸ್ ಕೊಳ್ಳಿ ಎನ್ನುತ್ತಾರೆ. ಹಣ ಖರ್ಚು ಮಾಡುವ ಮೊದಲು ಬಲ್ಲವರ ಮಾತು ಕೇಳೋಣವೆಂದು ಬರೆಯುತ್ತಿದ್ದೇನೆ.

ಬದಿಯಡ್ಕದ ಓದುಗ

ಮಾಷ್ಟ್ರೇ, ಕ್ಯಾಮೆರಾದಲ್ಲಿ ದೋಷವಿರುವಂತೆ ಕಾಣುವುದಿಲ್ಲ. ನೀವು ಹೇಳಿದ ಎರಡು ತೊಂದರೆಗಳಿಗೂ, ಅಂದರೆ ಮುಖ ಬಿಳಿಚುವುದಕ್ಕೂ ವೇಷ ಕದಡಿಹೋಗುವುದಕ್ಕೂ, ಮೂಲ ಒಂದೇ. ಆಟೊದಲ್ಲಿರುವ ಕ್ಯಾಮೆರಾ ಇಡೀ ಚೌಕಟ್ಟಿನ ಬೆಳಕನ್ನು ಅಳೆದು, ಒಟ್ಟಾರೆ ಚಿತ್ರ ನಡುಮಟ್ಟದ ಬೂದುಬಣ್ಣದಷ್ಟು ಬೆಳಗಿರಬೇಕೆಂದು ಲೆಕ್ಕ ಹಾಕುತ್ತದೆ. ಬಯಲಾಟದ ರಂಗಸ್ಥಳದ ಹಿಂದೆ ಇರುವುದು ಕಪ್ಪು ರಾತ್ರಿ ಅಥವಾ ಕಡುಬಣ್ಣದ ಪರದೆ. ಚೌಕಟ್ಟಿನ ಮುಕ್ಕಾಲು ಪಾಲು ಕತ್ತಲೆಯಾಗಿರುವಾಗ ಕ್ಯಾಮೆರಾ ಆ ಕತ್ತಲೆಯನ್ನೂ ಬೆಳಗಿಸಲು ಹೊರಟು ಶಟರನ್ನು (ಬೆಳಕನ್ನು ಒಳಗೆ ಬಿಡುವ ತೆರೆ) 1/30 ಸೆಕೆಂಡಿನಷ್ಟು ಹೊತ್ತು ತೆರೆದಿಡುತ್ತದೆ. ಅಷ್ಟು ಹೊತ್ತಿನಲ್ಲಿ ದೀಪದ ಎದುರಿಗಿರುವ ಮುಖಕ್ಕೆ ಬೆಳಕು ಅತಿಯಾಗುತ್ತದೆ, ಕುಣಿಯುವ ವೇಷ ಇದ್ದಲ್ಲಿಂದ ಸರಿದೂ ಹೋಗಿರುತ್ತದೆ. ಕಂಪನ ತಡೆಯುವ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನು ಸರಿಪಡಿಸಬಲ್ಲದೇ ಹೊರತು ಕಲಾವಿದರ ಕುಣಿತವನ್ನು ನಿಲ್ಲಿಸಲಾರದು. ಹೊಸಬರು ಅದರ ಮೇಲೆ ಇಡುವ ಭರವಸೆ ಯಾವಾಗಲೂ ಸ್ವಲ್ಪ ಹೆಚ್ಚೇ.

ಮುಂದಿನ ಆಟದಲ್ಲಿ ಹೀಗೆ ಮಾಡಿ ನೋಡಿ. ಅಪರ್ಚರ್ ಆದ್ಯತೆಯ ಮೋಡ್‌ಗೆ ಹೋಗಿ ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಆದಷ್ಟು ದೊಡ್ಡದಾಗಿ ತೆರೆದು, ಐಎಸ್‌ಒವನ್ನು (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ನಿಲ್ಲಿಸಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ನನ್ನು (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಏರಿಳಿಸುವ ಹೊಂದಿಕೆ) ಮೈನಸ್ 1ಕ್ಕೆ ತನ್ನಿ. ಕ್ಯಾಮೆರಾ 1/30 ಆರಿಸುತ್ತಿದ್ದಲ್ಲಿ ಈಗ 1/60 ಆರಿಸುತ್ತದೆ, ಮೈನಸ್ 2ಕ್ಕೆ ತಂದರೆ 1/125; ಮುಖದ ಬಣ್ಣವೂ ಅದರೊಂದಿಗೇ ಮರಳಿ ಬರುತ್ತದೆ. ಐಎಸ್‌ಒ ಆಟೊದಲ್ಲೇ ಉಳಿದರೆ ಕ್ಯಾಮೆರಾ ಶಟರ್ ವೇಗವನ್ನು ಹೆಚ್ಚಿಸುವ ಬದಲು ಐಎಸ್‌ಒವನ್ನೇ ಇಳಿಸಿಬಿಡಬಹುದು, ಆದ್ದರಿಂದ ಅದನ್ನು ನಿಲ್ಲಿಸುವುದು ಮುಖ್ಯ. ಚಿತ್ರ ಸರಿಯಾಗಿದೆಯೇ ಎಂದು ಹಿಂಬದಿಯ ಪರದೆಯನ್ನು ನೋಡಿ ತೀರ್ಮಾನಿಸಬೇಡಿ. ಕತ್ತಲೆಯಲ್ಲಿ ಆ ಪರದೆ ಕಣ್ಣು ಕುಕ್ಕುವಷ್ಟು ಬೆಳಗುವುದರಿಂದ ಕಪ್ಪಾದ ಚಿತ್ರವೂ ಚೆನ್ನಾಗಿರುವಂತೆ ತೋರುತ್ತದೆ. ಹಿಸ್ಟೊಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ, ಅದರಲ್ಲೂ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ಕಾಣುವಂಥದ್ದನ್ನು. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಕೆಂಪು ಉಡುಗೆಯ ಮೇಲೆ ಎಲ್‌ಇಡಿ ದೀಪ ಬಿದ್ದಾಗ ಒಟ್ಟು ಬೆಳಕು ಸರಿಯಾಗಿದ್ದರೂ ಕೆಂಪು ಮಾತ್ರ ಅಂಚು ಮೀರಿ, ಬಟ್ಟೆಯ ನೆರಿಗೆಗಳೆಲ್ಲ ಅಳಿಸಿ, ಬಣ್ಣ ಬಳಿದ ತಗಡಿನಂತೆ ಕಾಣಿಸುವುದುಂಟು.

ಪೆರ್ಲದಿಂದ ಒಬ್ಬರು

ಮೇಲಿನವರು ಹೇಳಿದ್ದರಲ್ಲಿ ಬಹುಪಾಲು ಸರಿ, ಆದರೆ ದಿಗಿಣಕ್ಕೆ 1/125 ಸಾಲದು. ಗಿರಗಿರನೆ ತಿರುಗುವ ವೇಷ ಸ್ಪಷ್ಟವಾಗಿ ಸಿಗಬೇಕಾದರೆ 1/500ರ ಆಸುಪಾಸಿಗೆ ಹೋಗಬೇಕು. ಐಎಸ್‌ಒ 6400 ಆದರೂ ಚಿಂತೆಯಿಲ್ಲ. ಹೊಸಬರು ಚಿತ್ರದಲ್ಲಿ ಕಾಳು ಕಾಳು ಬರುವುದಕ್ಕೆ ಅತಿಯಾಗಿ ಹೆದರುತ್ತಾರೆ. ಕಾಳುಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು, ಕದಡಿದ ಕಣ್ಣನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸಲಾರದು.

ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಒತ್ತುವ ಗಳಿಗೆ. ಚೆಂಡೆಯಲ್ಲಿ ಮುಕ್ತಾಯ ಬಂದಾಗ ವೇಷ ಕ್ಷಣಕಾಲ ನಿಲುವು ಹಿಡಿದು ನಿಲ್ಲುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಆ ನಿಲುವಿಗೆ 1/100 ಸಾಕಾಗುತ್ತದೆ, ಅರ್ಥ ಹೇಳುತ್ತ ನಿಂತಿರುವಾಗ 1/60 ಕೂಡ ನಡೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ 1/100 ಇದ್ದರೆ ಒಂದು ಮಿನುಗು ಪೂರ್ತಿಯಾಗಿ ಒಳಗೆ ಬರುತ್ತದೆ. 1/500ರಲ್ಲಿ ಒಂದು ಚಿತ್ರ ಬೆಳಗಿ, ಮುಂದಿನದು ಮಂಕಾಗಿ, ಕೆಲವೊಮ್ಮೆ ಅಡ್ಡಪಟ್ಟೆಗಳೂ ಬೀಳಬಹುದು. ಹಾಗಾದಾಗ ಕ್ಯಾಮೆರಾ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಓಡಬೇಡಿ.

ಲೆನ್ಸಿನ ಬಗ್ಗೆ ಒಂದು ಮಾತು. ನಿಮ್ಮ ಲೆನ್ಸು ಸಾಮಾನ್ಯವಾಗಿ 55ರ ತುದಿಯಲ್ಲಿ ಎಫ್ 5.6ರವರೆಗೆ ಮಾತ್ರ ತೆರೆಯುವಂಥದ್ದು, 18ರ ತುದಿಯಲ್ಲಿ ಎಫ್ 3.5ರವರೆಗೆ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು). ಹಿಂದಿನ ಕುರ್ಚಿಯಲ್ಲಿ ಕುಳಿತು ಜೂಮ್ ಮಾಡುವ ಬದಲು ಮುಂದಿನ ಚಾಪೆಗೆ ಬಂದು ಅಗಲದ ತುದಿಯನ್ನು ಬಳಸಿದರೆ ಒಂದು ರೂಪಾಯಿ ಖರ್ಚಿಲ್ಲದೆ ಎರಡೂವರೆ ಪಟ್ಟು ಬೆಳಕು ಹೆಚ್ಚು ಸಿಗುತ್ತದೆ. ಅಷ್ಟರಿಂದ ತೃಪ್ತಿಯಾಗದಿದ್ದರೆ 50 ಮಿ.ಮೀ. ಎಫ್ 1.8 ಲೆನ್ಸನ್ನು ಕೊಳ್ಳಬಹುದು. ಅದು ದುಬಾರಿ ಲೆನ್ಸುಗಳ ಸಾಲಿಗೆ ಸೇರಿದ್ದಲ್ಲ, 5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ನಿಮ್ಮದು ನಿಕಾನ್ ಕಂಪೆನಿಯ ಆರಂಭಿಕ ಮಾದರಿಯಾಗಿದ್ದರೆ ಹಳೆಯ ಎಎಫ್-ಡಿ ಲೆನ್ಸನ್ನು ಕೊಳ್ಳಬೇಡಿ. ಆ ಲೆನ್ಸಿನಲ್ಲೂ ಆ ಮಾದರಿಗಳ ಒಳಗೂ ಫೋಕಸ್ ಮೋಟಾರ್ ಇಲ್ಲದಿರುವುದರಿಂದ ಕೈಯಿಂದಲೇ ಫೋಕಸ್ ತಿರುಗಿಸಬೇಕಾದೀತು, ಅದೂ ಕುಣಿಯುವ ವೇಷಕ್ಕೆ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ.

ಕುಂಬಳೆ ಮಾಷ್ಟ್ರು

ಇಬ್ಬರಿಗೂ ಕೃತಜ್ಞತೆಗಳು. ಫ್ಲಾಶಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಫೋಕಸ್ ಎದುರಿನ ಮೈಕಿನ ಮೇಲೆ ನಿಂತು ಮುಖ ಮಸುಕಾಗಿರುವ ಚಿತ್ರಗಳೂ ಹಲವಿವೆ. ಪತ್ತನಾಜೆ (ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ, ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಮೇಳಗಳು ಗೆಜ್ಜೆ ಬಿಚ್ಚುತ್ತವಷ್ಟೆ. ಆಮೇಲೆ ಮಳೆಗಾಲ ಪೂರ್ತಿ ಕ್ಯಾಮೆರಾವನ್ನು ಕಪಾಟಿನಲ್ಲಿ ಇಡುವುದೆಂದುಕೊಂಡಿದ್ದೇನೆ. ಮನೆಯಲ್ಲಿ ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಹಿಡಿಯದು ಎನ್ನುತ್ತಾರೆ.

ಮಂಜೇಶ್ವರದ ಹಿರಿಯ ಸದಸ್ಯರು

ಫ್ಲಾಶ್ ಬೇಡ. ಕ್ಯಾಮೆರಾದ ಮೇಲಿನ ಪುಟ್ಟ ಫ್ಲಾಶಿನ ಗೈಡ್ ನಂಬರು (ಫ್ಲಾಶಿನ ಶಕ್ತಿಯ ಅಳತೆ) ಸುಮಾರು 12 ಎಂದಿಟ್ಟುಕೊಂಡರೂ ಎಫ್ 5.6ರಲ್ಲಿ, ಐಎಸ್‌ಒ 100ರಲ್ಲಿ ಅದರ ಬೆಳಕು ಎರಡು ಮೀಟರಿನಾಚೆಗೆ ಸಾಲದು. ಐಎಸ್‌ಒ ಏರಿಸಿದರೆ ದೂರ ಹೋಗುತ್ತದೆ ನಿಜ, ಆದರೆ ಕಿರೀಟದ ಮಿಂಚು ತಗಡುಗಳೆಲ್ಲ ಬಿಳಿ ಚುಕ್ಕೆಗಳಾಗಿ, ಮುಖವರ್ಣಿಕೆಯ ಏರಿಳಿತ ಸಪಾಟಾಗುತ್ತದೆ. ನಡುರಾತ್ರಿಯಲ್ಲಿ ಪಾತ್ರದೊಳಗೆ ಮುಳುಗಿರುವ ಕಲಾವಿದರ ಕಣ್ಣಿಗೆ ಅದನ್ನು ಹಾಯಿಸುವುದು ಸಭ್ಯತೆಯೂ ಅಲ್ಲ.

ಫೋಕಸನ್ನು ಆಟೊಗೆ ಬಿಟ್ಟರೆ ಕ್ಯಾಮೆರಾ ಹತ್ತಿರದಲ್ಲಿರುವುದನ್ನು ಹಿಡಿಯುವುದೇ ಹೆಚ್ಚು. ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡಿ. ಕುಣಿತಕ್ಕೆ ಬಿಡದೆ ಹಿಂಬಾಲಿಸುವ ಫೋಕಸ್ ಮೋಡನ್ನು ಬಳಸಿ. ಲೆನ್ಸಿನ ಮುಂದೆ ಅಂಗಡಿಯವರು ಕಾಣಿಕೆಯಾಗಿ ಕೊಟ್ಟ ಅಗ್ಗದ ಯುವಿ ಫಿಲ್ಟರ್ ಇದ್ದರೆ ರಾತ್ರಿ ಹೊತ್ತು ತೆಗೆದಿಡಿ, ಎದುರುಬದಿರಾದ ದೀಪಗಳ ಪ್ರತಿಬಿಂಬ ಅದರಲ್ಲಿ ಮೂಡುತ್ತದೆ.

ಅಕ್ಕಿ ಡಬ್ಬಿಯ ಸಲಹೆಯನ್ನು ಮಾತ್ರ ಪಾಲಿಸಬೇಡಿ. ಅಕ್ಕಿಯ ಪುಡಿ ಜೂಮ್ ಉಂಗುರದ ಸಂದಿಗೆ ಹೋದರೆ ತೇವಕ್ಕಿಂತ ಅದೇ ದೊಡ್ಡ ಉಪದ್ರ. ಗಾಳಿಯ ತೇವಾಂಶ ಶೇ. 70 ದಾಟಿದಲ್ಲಿ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಜೇಡರ ನೂಲಿನಂತೆ ಹಬ್ಬತೊಡಗುತ್ತದೆ, ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ. ಕ್ಯಾಮೆರಾವನ್ನು ಚೀಲದಿಂದ ಹೊರತೆಗೆದು, ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಜೊತೆಗಿಟ್ಟು, ಪಕ್ಕದಲ್ಲಿ ತೇವ ತೋರಿಸುವ ಸಣ್ಣ ಮಾಪಕವೊಂದನ್ನು ಇಡಿ. ಅದು 40 ಮತ್ತು 50ರ ನಡುವೆ ನಿಂತರೆ ಸರಿ. ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ, ಆದರೆ ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಬಟ್ಟೆಯ ಕಪಾಟು ಏಕೆ ಬೇಡವೆಂದರೆ ಅಲ್ಲಿ ನುಸಿಗುಳಿಗೆ ಇರುತ್ತದೆ. ನ್ಯಾಫ್ತಲೀನ್, ಕರ್ಪೂರಗಳ ಬಳಿ ಇಡಬಾರದೆಂದು ಕ್ಯಾಮೆರಾದ ಕೈಪಿಡಿಗಳೇ ಎಚ್ಚರಿಸುತ್ತವೆ. ಬ್ಯಾಟರಿಯನ್ನು ಕಳಚಿ, ಅರ್ಧದಷ್ಟು ಚಾರ್ಜಿನಲ್ಲಿ ಬೇರೆಯಾಗಿಡಿ. ನಡುನಡುವೆ ಬಿಸಿಲು ಬಂದ ದಿನ ಹೊರಗೆ ತೆಗೆದು ಜೂಮನ್ನೂ ಫೋಕಸನ್ನೂ ತಿರುಗಿಸಿ, ಗಾಜಿನ ಒಳಮೈಯನ್ನು ಟಾರ್ಚ್ ಹಿಡಿದು ಪರೀಕ್ಷಿಸಿ. ಬೂಷ್ಟಿನ ನೂಲು ಕಂಡರೆ ನೀವಾಗಿ ಬಿಚ್ಚದೆ, ಗಾಜಿನ ಲೇಪ ತಿನ್ನುವ ಮೊದಲೇ ದುರಸ್ತಿಯವರ ಕೈಗೆ ಕೊಡಿ.